ಕನ್ಯಾ ರಾಶಿಯ ಶಾಕಾನಿಗೆ ಕವಚ ತೊಡಿಸಿ ನೋಡಿದೆ: ಸೇಂಟ್ ಕ್ಲಾತ್ ಮಿಥ್ ಇಎಕ್ಸ್

ಸೇಂಟ್ ಸೇಯಾ ಅನ್ನುವ ಜಪಾನಿ ಕಾಮಿಕ್ಸ್ ಓದಿದವರು ಇಬ್ಬರು ಒಂದು ಕಡೆ ಸೇರಿದರೆ ಸಾಕು, ಮಾತು ಅಲ್ಲಿಗೇ ಬರುತ್ತದೆ. ಹನ್ನೆರಡು ಗೋಲ್ಡ್ ಸೇಂಟ್‌ಗಳಲ್ಲಿ ಯಾರು ಎಲ್ಲರಿಗಿಂತ ಬಲಶಾಲಿ? ನನ್ನ ತಮ್ಮ ಮಿಥುನದ ಸಾಗಾ ಅನ್ನುತ್ತಾನೆ. ನಾನು ಕನ್ಯಾದ ಶಾಕಾ ಅನ್ನುತ್ತೇನೆ. ಆ ಶಾಕಾನ ಫಿಗರ್, ಅಂದರೆ ಗೊಂಬೆ, ಈಗ ನನ್ನ ಮೇಜಿನ ಮೇಲಿದೆ. ಅದು ಹೇಗಿದೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಾದವೂ ಜೊತೆಗೇ ಬರುತ್ತದೆ, ತಪ್ಪಿಸುವುದಕ್ಕೆ ಆಗುವುದಿಲ್ಲ. ಕವಚದ ಒಂದೊಂದು ತುಂಡನ್ನೂ ನಾನೇ ಕೈಯಾರೆ ತೊಡಿಸಿದ ಮೇಲೆ ಆ ವಾದ ನನಗೆ ಬೇರೆ ಥರ ಕಾಣಲು ಶುರುವಾಯಿತು.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸೇಂಟ್ ಸೇಯಾ ಮಸಾಮಿ ಕುರುಮಾದಾ ಅವರ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. 1986ರಿಂದ 1990ರವರೆಗೆ ಜಪಾನಿನ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ ಬಂತು. ಪುಸ್ತಕವಾಗಿ 28 ಸಂಪುಟ. ಅಥೇನಾ ದೇವಿಯನ್ನು ಕಾಯುವ ಯೋಧರಿಗೆ ಸೇಂಟ್ ಅಂತ ಹೆಸರು, ಅವರು ತೊಡುವ ಕವಚಕ್ಕೆ ಕ್ಲಾತ್ ಅಂತ ಹೆಸರು. ಆಕಾಶದ 88 ನಕ್ಷತ್ರಪುಂಜಗಳ ಲೆಕ್ಕದಲ್ಲಿ ಕವಚಗಳು. ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆ. ಚಿನ್ನದವರು ಹನ್ನೆರಡೇ ಜನ, ರಾಶಿಗೆ ಒಬ್ಬೊಬ್ಬರು. ಗ್ರೀಸಿನ ಬೆಟ್ಟದ ಮೆಟ್ಟಿಲು ಹತ್ತುತ್ತಾ ಹೋದರೆ ಮೊದಲು ಮೇಷದ ಮನೆ, ಕೊನೆಗೆ ಮೀನದ ಮನೆ. ಮಿಥುನ ಮೂರನೆಯದು, ಕನ್ಯಾ ಆರನೆಯದು. ಗೋಡೆಯ ಪಂಚಾಂಗ ನೋಡುತ್ತಾ ಬೆಳೆದ ನಮಗೆ ಈ ಕ್ರಮವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಲಾಬಲದ ಚರ್ಚೆಗೆ ಬೇಕಾದ ಅಂಕಿಗಳನ್ನು ಕುರುಮಾದಾ ಅವರೇ ಕೊಟ್ಟಿದ್ದಾರೆ. ಕಂಚಿನ ಸೇಂಟ್ ಶಬ್ದದ ವೇಗದಲ್ಲಿ ಹೊಡೆಯುತ್ತಾನೆ, ಚಿನ್ನದ ಸೇಂಟ್ ಬೆಳಕಿನ ವೇಗದಲ್ಲಿ. ಕುಂಭದ ಕಾಮ್ಯು ತನ್ನ ಶಿಷ್ಯ ಹ್ಯೋಗಾನಿಗೆ ಒಂದು ಪಾಠ ಹೇಳುತ್ತಾನೆ: ಕಂಚಿನ ಕವಚ ಮೈನಸ್ 150 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಬೆಳ್ಳಿಯದು ಮೈನಸ್ 200ರಲ್ಲಿ, ಚಿನ್ನದ್ದನ್ನು ಹೆಪ್ಪುಗಟ್ಟಿಸಬೇಕಾದರೆ ಮೈನಸ್ 273.15, ಅಂದರೆ ಅದಕ್ಕಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲದ ಚಳಿ ಬೇಕು. ಇಂಥ ಲೆಕ್ಕ ಕೈಗೆ ಸಿಕ್ಕರೆ ಅಭಿಮಾನಿಗಳು ಸುಮ್ನೆ ಕೂರುತ್ತಾರಾ? ಯಾರ ಹೊಡೆತ ಯಾರಿಗೆ ತಾಗುತ್ತದೆ, ಯಾರ ಕವಚ ಎಷ್ಟು ತಡೆಯುತ್ತದೆ ಅಂತ ಕೂತು ಕೂಡಿಸಿ ಕಳೆಯುತ್ತಾರೆ. ಫ್ರಾನ್ಸಿನಲ್ಲಿ 1988ರಿಂದ, ಬ್ರೆಜಿಲ್‌ನಲ್ಲಿ 1994ರಿಂದ ಟಿವಿಯಲ್ಲಿ ಬಂದ ಮೇಲೆ ಆ ದೇಶಗಳಲ್ಲೂ ಇದೇ ಜಗಳ, ಇದೇ ಬಿಸಿ.

ನಾನಿರುವುದು ಟೋಕಿಯೋದ ನಿಶಿ-ಕಸಾಯ್‌ನಲ್ಲಿ. ನಮ್ಮ ಕಡೆಯವರು ಜಾಸ್ತಿ ಇರುವ ಜಾಗ. ತೋಜಾಯ್ ಲೈನ್ ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಸೀದಾ ನಕಾನೋಗೆ ಹೋಗಬಹುದು. ಸ್ಟೇಷನ್ನಿನ ಉತ್ತರ ಬಾಗಿಲಿಂದ ಹೊರಟರೆ ಸನ್ ಮಾಲ್ ಅನ್ನುವ ಚಾವಣಿ ಹಾಕಿದ ಅಂಗಡಿ ಬೀದಿ, ಅದರ ತುದಿಗೆ ನಕಾನೋ ಬ್ರಾಡ್‌ವೇ. 1966ರಲ್ಲಿ ಕಟ್ಟಿದ ಹಳೇ ಕಟ್ಟಡ, ಮೇಲಿನ ಮಹಡಿಗಳಲ್ಲಿ ಮನೆಗಳಿವೆ, ಕೆಳಗೆಲ್ಲ ಅಂಗಡಿ. ಹಳೇ ಮಾಂಗಾ, ಹಳೇ ಆಟಿಕೆ, ಕೈಗಡಿಯಾರ, ಏನುಂಟು ಏನಿಲ್ಲ. ಅಲ್ಲಿನ ಒಂದು ಚಿಕ್ಕ ಅಂಗಡಿಯ ಗಾಜಿನ ಕಪಾಟಿನಲ್ಲಿ ಶಾಕಾ ಸಿಕ್ಕ. ಸೆಕೆಂಡ್ ಹ್ಯಾಂಡ್. ಡಬ್ಬಿಯ ಮೂಲೆ ಸವೆದಿದೆ, ಒಳಗಿನ ತುಂಡುಗಳೆಲ್ಲ ಇವೆ ಅಂತ ಚೀಟಿ ಅಂಟಿಸಿದ್ದರು. ಬೆಲೆ 10,000 ಯೆನ್‌ಗಿಂತ ಸ್ವಲ್ಪ ಜಾಸ್ತಿ. ಅಂಗಡಿಯ ಹೆಂಗಸು ಡಬ್ಬಿ ತೆರೆದು, ಮ್ಯಾನ್ಯುಯಲ್ ಬಿಚ್ಚಿಟ್ಟುಕೊಂಡು, ಒಂದೊಂದೇ ತುಂಡಿಗೆ ಬೆರಳಿಟ್ಟು ಎಣಿಸಿ ತೋರಿಸಿದರು. ಕೊನೆಗೆ ಒಂದು ಕೈಯ ಬೆರಳ ತುದಿಯಲ್ಲಿ ಬಣ್ಣ ಹೋಗಿದೆ ನೋಡಿ ಅಂತ ಅವರೇ ತೋರಿಸಿದರು. ಅದು ಕಣ್ಣಿಗೆ ಕಾಣುವಂಥದ್ದೂ ಆಗಿರಲಿಲ್ಲ. ಇಂಥ ಕಡೆ ದುಡ್ಡು ಕೊಡಲು ಮನಸ್ಸು ಬರುತ್ತದೆ.

ಫಿಗರ್ ಬಗ್ಗೆ ಹೇಳಬೇಕಾದ ಮೊದಲ ಮಾತು, ಇದು ಕವಚ ತೊಟ್ಟೇ ಹುಟ್ಟಿದ ಗೊಂಬೆ ಅಲ್ಲ. ಡಬ್ಬಿಯೊಳಗೆ ಸಾದಾ ಉಡುಪಿನ ಒಂದು ಮೈ ಇರುತ್ತದೆ. ಕವಚ ಪೂರ್ತಿ ಬಿಡಿ ಬಿಡಿ ತುಂಡು. ಪಾದ, ಮೊಣಕಾಲು, ತೊಡೆ, ಸೊಂಟದ ಪಟ್ಟಿ, ಅದರಿಂದ ಇಳಿಬಿದ್ದ ಹಲಗೆಗಳು, ಎದೆ, ಬೆನ್ನು, ತೋಳು, ಮುಂಗೈ, ಭುಜ, ಕೊನೆಗೆ ಶಿರಸ್ತ್ರಾಣ. ಮುಖ್ಯ ತುಂಡುಗಳು ಲೋಹದವು, ಉಳಿದವು ಪ್ಲಾಸ್ಟಿಕ್. ಸೇಂಟ್ ಕ್ಲಾತ್ ಮಿಥ್ ಅನ್ನುವ ಈ ಫಿಗರ್ ಸಾಲು ಶುರುವಾಗಿದ್ದು 2003ರಲ್ಲಿ, ಕಥೆಯ ನಾಯಕ ಪೆಗಾಸಸ್ ಸೇಯಾನಿಂದ. 2011ರಲ್ಲಿ ಇಎಕ್ಸ್ ಅಂತ ಹೊಸ ಸಾಲು ತಂದರು. ಮೈ ಸ್ವಲ್ಪ ಎತ್ತರವಾಯಿತು, ಕೀಲುಗಳು ಜಾಸ್ತಿಯಾದವು. ಇಎಕ್ಸ್‌ನಲ್ಲಿ ಮೊದಲು ಬಂದವನು ಸಾಗಾ. ತಮ್ಮ ಇದನ್ನೂ ತನ್ನ ಪಕ್ಷಕ್ಕೆ ಸಾಕ್ಷಿ ಅಂತ ಎಣಿಸುತ್ತಾನೆ.

ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಫಿಗರ್ ತಕ್ಷಣ ಅರ್ಥವಾಗುತ್ತದೆ. ಅಲ್ಲೂ ಎದೆಕಟ್ಟು, ಭುಜಕೀರ್ತಿ, ವೀರಗಸೆ ಅಂತ ಒಂದರ ಮೇಲೊಂದು ಬರುತ್ತದೆ, ಕ್ರಮ ತಪ್ಪಿದರೆ ಮುಂದಿನದು ಕೂರುವುದಿಲ್ಲ. ಇಲ್ಲೂ ಹಾಗೆಯೇ. ಬೆನ್ನಿನ ತುಂಡು ಸರಿಯಾಗಿ ಕೂರಿಸದೆ ಎದೆಯದನ್ನು ಒತ್ತಿದರೆ ಮಧ್ಯದಲ್ಲಿ ಸಂದು ಬಿಡುತ್ತದೆ. ಎರಡೂ ಸರಿಯಾಗಿ ಕೂತರೆ ಟಕ್ ಅಂತ ಸಣ್ಣ ಸದ್ದು. ಭುಜದ ದೊಡ್ಡ ತಟ್ಟೆಗಳನ್ನು ಹಾಕಿದ ಕೂಡಲೇ ಆ ಸಣಕಲು ಮೈ ಒಂದು ಯೋಧನ ಮೈ ಆಗುತ್ತದೆ. ಅಷ್ಟು ಹೊತ್ತೂ ಕೈಯಲ್ಲಿ ಹಗುರವಾಗಿದ್ದದ್ದು ಈಗ ಭಾರ. ಪಾದದ ಲೋಹದಿಂದಾಗಿ ಸ್ಟ್ಯಾಂಡ್ ಇಲ್ಲದೆಯೂ ನೆಟ್ಟಗೆ ನಿಲ್ಲುತ್ತದೆ.

ಚಿನ್ನದ ಬಣ್ಣ ನನಗೆ ತುಂಬಾ ಇಷ್ಟವಾಯಿತು. ಕಣ್ಣು ಕುಕ್ಕುವ ಹೊಳಪಲ್ಲ. ಕಿಟಕಿ ಕಡೆಗೆ ತಿರುಗಿಸಿದರೆ ಎದೆಯ ತಗ್ಗುಗಳಲ್ಲಿ ಬಣ್ಣ ಸ್ವಲ್ಪ ಕೆಂಪಿಗೆ ತಿರುಗುತ್ತದೆ, ಏಣುಗಳ ಮೇಲೆ ಮಾತ್ರ ಬೆಳಕು ಹರಿಯುತ್ತದೆ. ಬೆರಳಚ್ಚು ಬೇಗ ಕೂರುತ್ತದೆ, ಹಾಗಾಗಿ ನಾನು ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ. ನೀವೂ ಹಾಗೇ ಮಾಡಿ.

ಎರಡು ಮುಖ ಇರುವುದೇ ಇದರ ದೊಡ್ಡ ಸೊಗಸು. ಒಂದರಲ್ಲಿ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ತೆರೆದಿದೆ. ಕಥೆ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಶಾಕಾ ಯಾವಾಗಲೂ ಕಣ್ಣು ಮುಚ್ಚಿಯೇ ಇರುತ್ತಾನೆ. ನೋಟ ಅನ್ನುವ ಒಂದು ಇಂದ್ರಿಯವನ್ನು ತಾನೇ ಕಟ್ಟಿಹಾಕಿ ಒಳಗಿನ ಶಕ್ತಿ, ಅಂದರೆ ಕಾಸ್ಮೋ, ಕೂಡಿಡುತ್ತಾನೆ. ಅವನು ಕಣ್ಣು ತೆರೆದ ಅಂದರೆ ಎದುರಿದ್ದವನ ಕಥೆ ಮುಗಿಯಿತು ಅಂತಲೇ ಉಳಿದವರು ಹೆದರುವುದು. ಮುಚ್ಚಿದ ಕಣ್ಣಿನ ಮುಖವನ್ನು ಹತ್ತಿರದಿಂದ ನೋಡಿದೆ. ರೆಪ್ಪೆಗಳು ಒಂದೇ ಒಂದು ತೆಳು ಗೆರೆ, ಹುಬ್ಬು ಸಡಿಲ, ಹಣೆಯಲ್ಲಿ ಚುಕ್ಕೆ ಬೊಟ್ಟು, ತುಟಿಯಲ್ಲಿ ಯಾವ ಬಿಗುವೂ ಇಲ್ಲ. ಸಿಟ್ಟಿಲ್ಲದ ಯೋಧನನ್ನು ಇಷ್ಟು ಚಿಕ್ಕ ಮುಖದಲ್ಲಿ ತೋರಿಸುವುದು ಸುಲಭ ಅಲ್ಲ. ತೆರೆದ ಕಣ್ಣಿನ ಮುಖ ಹಾಕಿದರೆ ಅದೇ ಮೈ, ಅದೇ ನಿಲುವು, ಆದರೆ ಕೋಣೆಯಲ್ಲಿ ಎಲ್ಲಿ ಕೂತರೂ ನಮ್ಮನ್ನೇ ನೋಡಿದ ಹಾಗಿರುತ್ತದೆ. ನಾನು ಮುಚ್ಚಿದ ಕಣ್ಣಿನದನ್ನೇ ಹಾಕಿಟ್ಟಿದ್ದೇನೆ.

ಮುಖ ಬದಲಾಯಿಸಲು ಮುಂದಿನ ಕೂದಲು ತೆಗೆಯಬೇಕು. ಶಿರಸ್ತ್ರಾಣ ಹಾಕಿದಾಗ ಒಂದು ಕೂದಲು, ಹಾಕದಿದ್ದಾಗ ಇನ್ನೊಂದು. ಸೊಂಟದವರೆಗೆ ಇಳಿದ ಹೊಂಬಣ್ಣದ ಕೂದಲು ಒಂದೇ ದೊಡ್ಡ ತುಂಡಾಗಿರುವುದರಿಂದ ತಲೆ ಹಿಂದಕ್ಕೆ ಬಾಗಿಸಲು ಬರುವುದಿಲ್ಲ. ಬಿಳಿ ಮೇಲ್ವಸ್ತ್ರ ಹಾಕಿದರೆ ಇನ್ನೂ ಕಷ್ಟ. ಇನ್ನು ಆ ಭುಜದ ತಟ್ಟೆಗಳು. ಕೈ ತಲೆಗಿಂತ ಮೇಲೆ ಎತ್ತಿಸಲು ಹೋದರೆ ಅಡ್ಡ ಬರುತ್ತವೆ. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಟಿವಿ ಸರಣಿಗೆ ಶಿಂಗೋ ಅರಾಕಿ ಮತ್ತು ಮಿಚಿ ಹಿಮೇನೋ ಬರೆದ ಚಿತ್ರಗಳ ಪ್ರಕಾರ ಮಾಡಿದ ಫಿಗರ್ ಇದು. ಚಿತ್ರದಲ್ಲಿ ಭುಜದ ತಟ್ಟೆ ಎಷ್ಟು ದೊಡ್ಡದಿದ್ದರೂ ಕೈ ಎತ್ತಬಹುದು. ಲೋಹದಲ್ಲಿ ಆಗುವುದಿಲ್ಲ. ಆದರೆ ಶಾಕಾನಿಗೆ ಅಷ್ಟೆಲ್ಲ ಕೈ ಎತ್ತುವ ಕೆಲಸವೂ ಇಲ್ಲ. ಎದೆಯ ಮುಂದೆ ಎರಡು ಅಂಗೈ ಎದುರುಬದುರು ಹಿಡಿದು ನಿಂತರೆ ಮುಗಿಯಿತು, ಆ ಭಂಗಿ ಇದರಲ್ಲಿ ಬಹಳ ಚೆನ್ನಾಗಿ ಬರುತ್ತದೆ.

ಇನ್ನು ವಾದಕ್ಕೆ ಬರೋಣ. ಮುಂದೆ ಕಥೆಯ ಗುಟ್ಟುಗಳಿವೆ, ಓದದವರು ಈ ಭಾಗ ದಾಟಿ ಹೋಗಬಹುದು.

ತಮ್ಮನ ವಾದ ಗಟ್ಟಿಯಾಗಿಯೇ ಇದೆ. ಸಾಗಾ ಒಬ್ಬನೇ ಹೋಗಿ ಸೇಂಟ್‌ಗಳ ಮುಖ್ಯಸ್ಥನಾದ ಪೋಪ್ ಶಿಯೋನ್‌ನನ್ನು ಕೊಂದ. ಅವನ ವೇಷ ಹಾಕಿ ಹದಿಮೂರು ವರ್ಷ ಸೇಂಟ್‌ಗಳ ನೆಲೆಯಾದ ಇಡೀ ಸ್ಯಾಂಕ್ಚುರಿಯನ್ನು ಆಳಿದ. ಅಥೇನಾಳನ್ನು ಉಳಿಸಲು ಹನ್ನೆರಡು ಮನೆ ದಾಟಲು ಹೊರಟ ಕಂಚಿನ ಸೇಂಟ್‌ಗಳು ಮಿಥುನದ ಮನೆಗೆ ಬಂದಾಗ ಅವನು ಅಲ್ಲಿ ಇರಲೂ ಇಲ್ಲ. ಬರೀ ಖಾಲಿ ಕವಚವನ್ನು ದೂರದ ಪೋಪ್ ಕೋಣೆಯಲ್ಲಿ ಕೂತೇ ಆಡಿಸಿದ. "ಅಕ್ಕಾ, ಒಳಗೆ ಆಳೇ ಇಲ್ಲದ ಕವಚದಿಂದ ಅವರನ್ನೆಲ್ಲ ಸುಸ್ತು ಮಾಡಿದವನು ಕಣೇ ಅವನು" ಅನ್ನುತ್ತಾನೆ. ಜೊತೆಗೆ ಇನ್ನೊಂದು ಬಾಣ: ನಿನ್ನ ಶಾಕಾನನ್ನು ಒಬ್ಬ ಕಂಚಿನ ಸೇಂಟ್ ಮುಗಿಸಿದನಲ್ಲ?

ಅದು ಇಕ್ಕಿ ಅನ್ನುವ ಕಂಚಿನ ಸೇಂಟ್ ಜೊತೆಗಿನ ಕಾಳಗ. ಇಡೀ ಹನ್ನೆರಡು ಮನೆಗಳ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ. ಶಾಕಾ ತನ್ನ ತೆನ್‌ಬು ಹೋರಿನ್ ಅನ್ನುವ ಅಸ್ತ್ರ ಹೂಡಿ ಇಕ್ಕಿಯ ಇಂದ್ರಿಯಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಾನೆ. ಇಕ್ಕಿ ತಡೆಯುವುದಿಲ್ಲ, ಕಿತ್ತುಕೊಳ್ಳಲಿ ಅಂತಲೇ ಬಿಡುತ್ತಾನೆ. ಶಾಕಾ ಕಣ್ಣು ಮುಚ್ಚಿ ಶಕ್ತಿ ಕೂಡಿಡುವುದನ್ನು ಅವನು ಗಮನಿಸಿರುತ್ತಾನೆ. ಒಂದು ಇಂದ್ರಿಯ ಮುಚ್ಚಿದರೆ ಅಷ್ಟು ಶಕ್ತಿ ಬರುವುದಾದರೆ ಎಲ್ಲವೂ ಹೋದರೆ ಎಷ್ಟು ಬರಬಹುದು ಅನ್ನುವುದು ಅವನ ಲೆಕ್ಕ. ಆ ಲೆಕ್ಕ ಸರಿಯಾಗುತ್ತದೆ. ಇಬ್ಬರೂ ಒಟ್ಟಿಗೆ ಈ ಲೋಕದಿಂದಲೇ ಮರೆಯಾಗುತ್ತಾರೆ. ಆದರೆ ಮುಗಿಸಿದ ಅನ್ನುವುದು ತಪ್ಪು. ಶಾಕಾ ಸತ್ತಿಲ್ಲ. ಎಲ್ಲೋ ಇದ್ದುಕೊಂಡೇ ಮೇಷದ ಸೇಂಟ್ ಮೂ ಅನ್ನುವವನನ್ನು ಮನಸ್ಸಿನಲ್ಲೇ ಕರೆದು, ತನ್ನನ್ನೂ ಇಕ್ಕಿಯನ್ನೂ ಇಬ್ಬರನ್ನೂ ವಾಪಸ್ ತರಲು ನೆರವು ಕೇಳುತ್ತಾನೆ. ಎದುರಾಳಿಯನ್ನೂ ಜೊತೆಗೆ ಕರೆತರುವವನು ಸೋತವನಾಗುವುದು ಹೇಗೆ?

ನನ್ನ ಮುಖ್ಯ ಸಾಕ್ಷಿ ಆಮೇಲಿನ ಹೇಡೀಸ್ ಭಾಗದಲ್ಲಿದೆ, ಸತ್ತವರ ಲೋಕದ ದೊರೆ ಹೇಡೀಸ್ ಜೊತೆಗಿನ ಯುದ್ಧದ ಕಥೆ ಅದು. ಅವಳಿ ಸಾಲ ಮರಗಳ ಕೆಳಗೆ ಶಾಕಾ ಒಬ್ಬನೇ ನಿಂತಿದ್ದಾನೆ. ಎದುರಿಗೆ ಸಾಗಾ, ಕಾಮ್ಯು, ಶುರಾ, ಮೂರೂ ಜನ ಗೋಲ್ಡ್ ಸೇಂಟ್ ಆಗಿದ್ದು ಸತ್ತವರು, ಈಗ ಹೇಡೀಸ್‌ನ ಕಡೆಯಿಂದ ಮತ್ತೆ ಎದ್ದು ಬಂದವರು. ಆ ಮೂವರೂ ಸೇರಿ ಅಥೇನಾ ಎಕ್ಸ್‌ಕ್ಲಮೇಷನ್ ಹೂಡಬೇಕಾಗುತ್ತದೆ. ಒಬ್ಬನ ಮೇಲೆ ಮೂವರು ಬೀಳುವುದು ಹೇಡಿತನ ಅಂತ ಅಥೇನಾ ಪುರಾಣಕಾಲದಿಂದಲೇ ನಿಷೇಧಿಸಿದ ಅಸ್ತ್ರ ಅದು. ಅದನ್ನು ಹೂಡಿದವರಿಗೆ ಸೇಂಟ್ ಅನ್ನುವ ಮರ್ಯಾದೆಯೇ ಉಳಿಯುವುದಿಲ್ಲ. ಸಾಗಾ ಒಬ್ಬನಿಂದ ಆಗುವ ಹಾಗಿದ್ದರೆ ಆ ಕಳಂಕ ಯಾಕೆ ಹೊತ್ತುಕೊಳ್ಳುತ್ತಿದ್ದ? ಅದಕ್ಕೂ ದೊಡ್ಡ ಮಾತು, ಶಾಕಾ ಅಲ್ಲಿ ಸಾಯಬೇಕು ಅಂತಲೇ ನಿಂತಿದ್ದಾನೆ. ಬದುಕಿರುವವರು ಹೋಗಲಾಗದ ಹೇಡೀಸನ ಲೋಕಕ್ಕೆ ಇಂದ್ರಿಯಗಳನ್ನು ಮೀರಿದ ಎಂಟನೆಯ ಅರಿವಿನೊಂದಿಗೆ ಹೋಗುವ ದಾರಿ ಅದು. ಹೂವಿನ ಎಸಳುಗಳ ಮೇಲೆ ತನ್ನ ರಕ್ತದಲ್ಲಿ ಅಥೇನಾಳಿಗೆ ಸುದ್ದಿ ಬರೆದು ಕಳಿಸಿ ಹೋಗುತ್ತಾನೆ.

ಈ ಪುಟಗಳು ಭಾರತದವರಿಗೆ ಬೇರೆಯೇ ಥರ ಓದಿಸಿಕೊಳ್ಳುತ್ತವೆ. ಕುರುಮಾದಾ ಅವರು ಶಾಕಾನನ್ನು ಭಾರತದಲ್ಲಿ ಹುಟ್ಟಿದವನು ಅಂತಲೇ ಚಿತ್ರಿಸಿದ್ದಾರೆ. ಚಿಕ್ಕ ಹುಡುಗ ಧ್ಯಾನಕ್ಕೆ ಕೂತು ಬುದ್ಧನ ಜೊತೆ ಮಾತಾಡುತ್ತಾನೆ. ಜನರ ದುಃಖ ಯಾಕೆ ಅಂತ ಕೇಳುತ್ತಾನೆ. ಅವನ ಒಂದು ಅಸ್ತ್ರ ಎದುರಾಳಿಯನ್ನು ಬೌದ್ಧರ ಆರು ಲೋಕಗಳಿಗೆ ತಳ್ಳುತ್ತದೆ, ನರಕ, ಪ್ರೇತ, ಪ್ರಾಣಿ, ಅಸುರ, ಮನುಷ್ಯ, ದೇವ ಅಂತ. ಬುದ್ಧ ಕುಶಿನಗರದಲ್ಲಿ ಕೊನೆಯ ಸಲ ಮಲಗಿದ್ದು ಅವಳಿ ಸಾಲ ಮರಗಳ ನಡುವೆ ಅಂತ ಶಾಲೆಯಲ್ಲೇ ಓದಿದ್ದೆ. ಜಪಾನಿನ ಮಕ್ಕಳ ವಾರಪತ್ರಿಕೆಯ ಹೊಡೆದಾಟದ ಕಥೆಯಲ್ಲಿ ಅದೇ ಮರ ಸಿಕ್ಕಾಗ ನನಗೆ ಮೈ ಜುಮ್ಮೆಂದಿತ್ತು.

ಆಫೀಸಿನಲ್ಲಿ ನನ್ನ ಹಿರಿಯ ಸಹೋದ್ಯೋಗಿ ಒಬ್ಬರಿದ್ದಾರೆ, ಐವತ್ತು ದಾಟಿದವರು. ಪ್ರೈಮರಿ ಶಾಲೆಯಲ್ಲಿದ್ದಾಗ ಪ್ರತಿ ವಾರ ಜಂಪ್ ಕೊಂಡು ಇದನ್ನು ಓದಿದವರು. ಅವರದು ಮೂರನೇ ಪಕ್ಷ. ಹನ್ನೆರಡೂ ಜನ ಸಮ ಅನ್ನುತ್ತಾರೆ. ಇಬ್ಬರು ಗೋಲ್ಡ್ ಸೇಂಟ್‌ಗಳು ಎದುರುಬದುರಾದರೆ ಸಾವಿರ ದಿನ ಹೋರಾಡಿದರೂ ತೀರ್ಮಾನವಾಗುವುದಿಲ್ಲ ಅಂತ ಕಥೆಯಲ್ಲೇ ಇದೆ. ಸಿಂಹದ ಐಯೋಲಿಯಾ ಮತ್ತು ಶಾಕಾ ಎದುರಾದಾಗ ಹಾಗೇ ಆಗುವುದರಲ್ಲಿತ್ತು. ಅಥೇನಾ ಎಕ್ಸ್‌ಕ್ಲಮೇಷನ್‌ಗೆ ಆಮೇಲೆ ಮೂ, ಐಯೋಲಿಯಾ, ವೃಶ್ಚಿಕದ ಮಿಲೋ ಸೇರಿ ಅದೇ ಅಸ್ತ್ರದಿಂದ ಉತ್ತರ ಕೊಟ್ಟಾಗಲೂ ಎರಡೂ ಕಡೆ ಸರಿಸಮವಾಗಿ ನಿಲ್ಲುತ್ತದೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು ಅಂತ ಕೇಳುತ್ತಾರೆ.

ಶಾಕಾನಿಗೆ ಕವಚ ತೊಡಿಸುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟು. ಸಹೋದ್ಯೋಗಿ ಹೇಳುವ ಸಮ ಅನ್ನುವುದು ಕವಚದ ಮಟ್ಟಿಗೆ ಪೂರ್ತಿ ನಿಜ. ಹನ್ನೆರಡೂ ಕವಚ ಒಂದೇ ದರ್ಜೆ, ಒಂದೇ ಚಿನ್ನ. ಸೂರ್ಯ ಸಾಗುವ ದಾರಿಯ ರಾಶಿಗಳಾದ್ದರಿಂದ ಎಲ್ಲವೂ ಪುರಾಣಕಾಲದಿಂದ ಅದೇ ಸೂರ್ಯನ ಬೆಳಕು ಕುಡಿದವು. ಹಾಗಾದರೆ ಬಲಾಬಲದ ಲೆಕ್ಕದಲ್ಲಿ ಕವಚವನ್ನು ಎರಡೂ ಕಡೆಯಿಂದ ಹೊಡೆದುಹಾಕಬಹುದು. ಉಳಿಯುವುದು ಆ ಸಾದಾ ಉಡುಪಿನ ಸಣಕಲು ಮೈ. ಡಬ್ಬಿಯಲ್ಲಿ ಮೊದಲು ಕೈಗೆ ಸಿಗುವುದು ಅದೇ ಅಲ್ವಾ? ಚರ್ಚೆ ಅದರ ಬಗ್ಗೆ ಆಗಬೇಕು.

ಕಥೆಯೇ ಇದನ್ನು ಒಂದು ಕಡೆ ಬಿಡಿಸಿ ತೋರಿಸಿದೆ. ಕರ್ಕಾಟಕದ ಡೆತ್‌ಮಾಸ್ಕ್ ಕಂಚಿನ ಸೇಂಟ್ ಡ್ರ್ಯಾಗನ್ ಶಿರ್ಯೂ ಜೊತೆ ಹೋರಾಡುವಾಗ ಅವನ ಚಿನ್ನದ ಕವಚ ತಾನಾಗಿಯೇ ಮೈಬಿಟ್ಟು ಹೋಗುತ್ತದೆ. ಅವನು ಅಧರ್ಮಿ, ಅವನನ್ನು ಕಾಯಲು ಅದಕ್ಕೆ ಇಷ್ಟವಿಲ್ಲ. ಬೆಳಕಿನ ವೇಗ, ಮೈನಸ್ 273 ಯಾವುದೂ ಆಗ ಅವನ ನೆರವಿಗೆ ಬರುವುದಿಲ್ಲ. ಅಂಕಿ ಹಿಡಿದು ವಾದಿಸುವವರು ಈ ಪುಟಗಳಿಗೆ ಇನ್ನೊಮ್ಮೆ ಹೋಗಿಬರಬೇಕು. ಸಾಗಾನದು ಎರಡಾಗಿ ಸೀಳಿದ ಮನಸ್ಸು. ಒಳ್ಳೆಯವನೂ ಅವನೇ, ಕೆಟ್ಟವನೂ ಅವನೇ, ಅವನ ಅರ್ಧ ಬಲ ತನ್ನನ್ನು ತಾನು ಹಿಡಿದಿಡುವುದಕ್ಕೇ ಖರ್ಚಾಗುತ್ತದೆ. ಹನ್ನೆರಡು ಮನೆಗಳ ಕಥೆಯ ಕೊನೆಗೆ ಅಥೇನಾಳ ಮುಂದೆ ತನ್ನ ಕೈಯಿಂದಲೇ ಪ್ರಾಣ ಬಿಡುತ್ತಾನೆ. ಶಾಕಾನಲ್ಲಿ ಸೀಳು ಇಲ್ಲ. ಇಡೀ ಮನಸ್ಸು ಒಂದೇ ಕಡೆ. ಕವಚ ಸಮ ಇದ್ದಾಗ ಗೆಲ್ಲುವುದು ಇದೇ ಅಂತ ನನ್ನ ನಂಬಿಕೆ. ತಮ್ಮ ಇದನ್ನು ಒಪ್ಪಿಲ್ಲ. "ಅರ್ಧ ಮನಸ್ಸಿನಲ್ಲೇ ಅಷ್ಟು ಮಾಡಿದವನು ಪೂರ್ತಿ ಮನಸ್ಸಿದ್ದರೆ ಏನು ಮಾಡುತ್ತಿದ್ದ, ಯೋಚನೆ ಮಾಡು" ಅಂದ. ಒಳ್ಳೆಯ ಮಾತು, ಅದಕ್ಕೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.

ಬೇರೆ ಮಾಂಗಾದ ಕವಚಗಳನ್ನು ಇದರೊಳಗೆ ಎಳೆಯುವವರೂ ಇದ್ದಾರೆ. ಮುಖ್ಯವಾಗಿ ಕೆಂತಾರೋ ಮಿಯುರಾ ಅವರ ಬರ್ಸರ್ಕ್‌ನ ಗಟ್ಸ್. ಅವನ ಕರಿ ಕವಚದ ಎದುರು ಗೋಲ್ಡ್ ಸೇಂಟ್ ನಿಲ್ಲುತ್ತಾನಾ ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದು ಹೋಲಿಕೆಯೇ ಅಲ್ಲ. ಗಟ್ಸ್‌ನ ಕವಚ ಅವನನ್ನು ಕಾಯುವುದಿಲ್ಲ. ನೋವಿನ ಅರಿವನ್ನು ಕಿತ್ತುಹಾಕುತ್ತದೆ, ಮುರಿದ ಮೂಳೆಯನ್ನು ಮುಳ್ಳಿನಿಂದ ಚುಚ್ಚಿ ಬಿಗಿದು ಮತ್ತೆ ಹೊಡೆದಾಟಕ್ಕೆ ನೂಕುತ್ತದೆ, ರಕ್ತ ಬಸಿದುಹೋಗುವವರೆಗೆ ಬಿಡುವುದಿಲ್ಲ. ತೊಟ್ಟವನನ್ನೇ ತಿನ್ನುವ ಕವಚ ಅದು. ಅಲ್ಲಿ ಕೇಳಬೇಕಾದದ್ದು ಎಷ್ಟು ಬಲ ಬಂತು ಅಂತಲ್ಲ, ಏನು ಹೋಯಿತು ಅಂತ. ಅದು ಬೇರೆಯೇ ದುಃಖದ ಕಥೆ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಎರಡಕ್ಕೂ ಅನ್ಯಾಯ.

ಮತ್ತೆ ಫಿಗರ್‌ಗೆ ಬರುತ್ತೇನೆ. ಕವಚವನ್ನು ಮೈಮೇಲಿಂದ ಪೂರ್ತಿ ಬಿಚ್ಚಿ, ಜೊತೆಗೆ ಕೊಟ್ಟ ಚೌಕಟ್ಟಿಗೆ ಜೋಡಿಸಿದರೆ ಪ್ರಾರ್ಥನೆಗೆ ಕೂತ ಕನ್ಯೆಯ ರೂಪ ಆಗುತ್ತದೆ. ಮಾಂಗಾದಲ್ಲಿ ತೊಡುವವರಿಲ್ಲದಾಗ ಕವಚ ಇರುವುದು ಈ ರೂಪದಲ್ಲೇ. ಮೊಣಕಾಲಿನ ತುಂಡು ಎಲ್ಲಿಗೆ ಹೋಗುತ್ತದೆ, ಭುಜದ ತಟ್ಟೆ ಏನಾಗುತ್ತದೆ ಅಂತ ನೋಡುತ್ತಾ ಹೋಗುವುದು ಬಹಳ ಖುಷಿಯ ಕೆಲಸ. ಚಿತ್ರದಲ್ಲಿ ಒಂದು ಕ್ಷಣದಲ್ಲಿ ಆಗುವುದನ್ನು ನಿಜವಾದ ತುಂಡುಗಳಲ್ಲಿ ಆಗುವ ಹಾಗೆ ಯೋಚಿಸಿದವರ ಬುದ್ಧಿಗೆ ಕೈ ಮುಗಿಯಬೇಕು. ಒಂದು ಸಂಜೆ ಪೂರ್ತಿ ಬಿಡುವು ಇಟ್ಟುಕೊಳ್ಳಿ, ಅವಸರ ಮಾಡಬೇಡಿ. ಮ್ಯಾನ್ಯುಯಲ್ ಜಪಾನಿ ಭಾಷೆಯಲ್ಲಿದೆ, ಆದರೆ ಚಿತ್ರ ನೋಡಿಯೇ ಮಾಡಬಹುದು. ಸಣ್ಣ ತುಂಡುಗಳು ಕೆಳಗೆ ಬಿದ್ದರೆ ಹುಡುಕುವುದು ಕಷ್ಟ, ಹಾಗಾಗಿ ಕೆಳಗೊಂದು ಬಿಳಿ ಟವೆಲ್ ಹಾಸಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಡಬ್ಬಿ ತೆರೆಯುವುದು ಒಳ್ಳೆಯದು.

ಊರಿನಿಂದ ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಎಚ್ಚರಿಕೆ. ತಮ್ಮ ಒಂದು ಜಾಲತಾಣದಲ್ಲಿ ಕಡಿಮೆ ಬೆಲೆಗೆ ಸಾಗಾನನ್ನು ತರಿಸಿದ. ಡಬ್ಬಿ ನೋಡಲು ಥೇಟ್ ಅಸಲಿಯದೇ. ಒಳಗೆ ಪೇಂಟಿನ ಘಾಟು ವಾಸನೆ. ಲೋಹ ಇರಬೇಕಾದ ಎದೆಯ ತುಂಡು ಪ್ಲಾಸ್ಟಿಕ್. ಭುಜ ಸಿಕ್ಕಿಸುವ ಮೊಳೆ ಮೊದಲ ದಿನವೇ ಮುರಿಯಿತು. ವಾಪಸ್ ತಗೊಳ್ಳಲಿಲ್ಲ, ದುಡ್ಡೂ ಬರಲಿಲ್ಲ. ಈ ಸಾಲಿನ ನಕಲಿಗಳು ತುಂಬಾ ಓಡಾಡುತ್ತಿವೆ. ಅಸಲಿಯ ಗುರುತು ತೂಕ. ಕೈಗೆತ್ತಿಕೊಂಡಾಗ ಪಾದ ಮತ್ತು ಎದೆ ತಣ್ಣಗೆ, ಭಾರವಾಗಿ ಇರಬೇಕು. ಕಣ್ಣಿನ ಗೆರೆ ಚದುರಿರಬಾರದು. ಮಾರುವವರು ಒಳಗಿನ ತುಂಡುಗಳ ಫೋಟೋ ಕಳಿಸಲು ಹಿಂದೇಟು ಹಾಕಿದರೆ ಕೈಬಿಡಿ. ಒಮ್ಮೆ ತೆರೆದ ಡಬ್ಬಿ ಅಂತ ಹಿಂಜರಿಯಬೇಡಿ. ಎಣಿಸಿ ಕೊಡುವ ಅಂಗಡಿಯ ಸೆಕೆಂಡ್ ಹ್ಯಾಂಡ್ ಎಷ್ಟೋ ವಾಸಿ.

ಇಡೀ ಹನ್ನೆರಡನ್ನೂ ಕೊಳ್ಳಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ದುಡ್ಡಿನ ಮಾತು ಬಿಡಿ, ಇಡಲು ಜಾಗ ಬೇಕು, ಧೂಳು ಒರೆಸಲು ತಾಳ್ಮೆ ಬೇಕು. ನಿಮ್ಮ ಪಕ್ಷದವನು ಯಾರೋ ಅವನೊಬ್ಬನನ್ನು ತಗೊಳ್ಳಿ. ತಮ್ಮ ಸಂಕ್ರಾಂತಿಗೆ ಇಲ್ಲಿಗೆ ಬರುತ್ತಾನೆ, ಅವನಿಗೆ ಅಸಲಿ ಸಾಗಾ ಕೊಡಿಸಬೇಕು ಅಂತಿದೆ. ನಕಾನೋದ ಅದೇ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ, ಬಂದರೆ ಎತ್ತಿಡುತ್ತೇವೆ ಅಂದಿದ್ದಾರೆ. ಅವನು ಕೇಳಿದ ಪ್ರಶ್ನೆಗೆ ಅಷ್ಟರೊಳಗೆ ಹೇಡೀಸ್ ಭಾಗ ಮತ್ತೊಮ್ಮೆ ಓದಿ ಉತ್ತರ ರೆಡಿ ಮಾಡಿಕೊಳ್ಳಬೇಕು.